ಅಪ್‌ಗ್ರೇಡ್ ಮುಗಿದ ಮೇಲೆ ಕಾಣೆಯಾದ ಸೆಟ್ಟಿಂಗ್‌ಗಳು: ಒಂದು ಮೀಡಿಯಾವಿಕಿ ತಾಣದ ಪ್ರಕರಣ ಅಧ್ಯಯನ

ಒಂದು ಸಂಸ್ಥೆ ತನ್ನ ಕೆಲಸದ ಕೈಪಿಡಿಗಳು, ಸಭೆಯ ನಡಾವಳಿಗಳು ಮತ್ತು ತಾಂತ್ರಿಕ ಟಿಪ್ಪಣಿಗಳನ್ನು ಹಲವು ವರ್ಷಗಳಿಂದ ವಿಕಿಪೀಡಿಯವೂ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆ ನಡೆಯುವ ಆಂತರಿಕ ಜಾಲತಾಣವೊಂದರಲ್ಲಿ ಇಟ್ಟುಕೊಂಡು ಬಂದಿತ್ತು. ಲಾಗಿನ್ ಆದವರಿಗೆ ಮಾತ್ರ ಪುಟಗಳು ಕಾಣಬೇಕು ಎಂಬುದು ಆ ತಾಣದ ಮೊದಲ ನಿಯಮವಾಗಿತ್ತು. 1.35ನೇ ಆವೃತ್ತಿಗೆ ಸಿಗುತ್ತಿದ್ದ ಭದ್ರತಾ ಪರಿಹಾರಗಳು 2023ರ ಕೊನೆಗೆ ನಿಂತುಹೋದ ಕಾರಣ ತಾಣವನ್ನು 1.39ಕ್ಕೆ ಅಪ್‌ಗ್ರೇಡ್ ಮಾಡಲಾಯಿತು. ಕೆಲಸ ಯಾವ ದೋಷ ಸಂದೇಶವೂ ಇಲ್ಲದೆ ಮುಗಿಯಿತು; ಮುಖಪುಟ ತೆರೆಯಿತು, ಲಾಗಿನ್ ಸರಿಯಾಗಿತ್ತು, ಹಳೆಯ ಲೇಖನಗಳು ಕಂಡವು. ಕೆಲವು ವಾರಗಳು ಕಳೆದ ಮೇಲೆ ನೌಕರರೊಬ್ಬರು ಲಾಗಿನ್ ಆಗಿರದ ಬ್ರೌಸರ್‌ನಲ್ಲಿ ಒಂದು ಕೊಂಡಿಯನ್ನು ಒತ್ತಿದಾಗ, ಹೊರಗಿನವರಿಗೆ ಕಾಣಲೇಬಾರದ ಪುಟವೊಂದು ಪೂರ್ತಿಯಾಗಿ ತೆರೆದುಕೊಂಡಿತು.

ಏನು ನಡೆಯಿತೆಂದು ಪತ್ತೆಹಚ್ಚಿ ತಾಣವನ್ನು ಸರಿಪಡಿಸುವ ಕೆಲಸ ನನಗೆ ಬಂದದ್ದು ಆ ಹಂತದಲ್ಲಿ. ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಒಂದು ಕಾರಣವಿದೆ. ಅಪ್‌ಗ್ರೇಡ್ ಮಾಡಿದ ನಿರ್ವಾಹಕಿ ಅಜಾಗರೂಕರಾಗಿರಲಿಲ್ಲ. ಅಧಿಕೃತ ಕೈಪಿಡಿ ಹೇಳುವ ಪ್ರತಿಯೊಂದು ಹೆಜ್ಜೆಯನ್ನೂ ಅವರು ಪಾಲಿಸಿದ್ದರು: ಡೇಟಾಬೇಸ್‌ನ ಬ್ಯಾಕಪ್ ತೆಗೆದಿದ್ದರು, ಅಪ್‌ಲೋಡ್ ಆದ ಚಿತ್ರಗಳ ಫೋಲ್ಡರನ್ನು ನಕಲಿಸಿದ್ದರು, ತಾಣದ ಸೆಟ್ಟಿಂಗ್‌ಗಳಿರುವ ಲೋಕಲ್‌ಸೆಟ್ಟಿಂಗ್ಸ್ ಕಡತವನ್ನು ಜೋಪಾನವಾಗಿ ಹೊಸ ಜಾಗಕ್ಕೆ ತಂದಿದ್ದರು, ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಜೋಡಣೆಗಳನ್ನು, 1.39ಕ್ಕೆ ಹೊಂದುವ ಶಾಖೆಯಿಂದಲೇ ಪಡೆದಿದ್ದರು ಮತ್ತು ಕೊನೆಯಲ್ಲಿ ಡೇಟಾಬೇಸನ್ನು ಹೊಸ ಆವೃತ್ತಿಗೆ ಹೊಂದಿಸುವ ಅಪ್‌ಡೇಟ್ ಸ್ಕ್ರಿಪ್ಟನ್ನು ಓಡಿಸಿದ್ದರು. ಹಳೆಯ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು ಉಳಿಸಿಕೊಂಡೂ ಇದ್ದರು. ಹೀಗಿದ್ದೂ ಸೆಟ್ಟಿಂಗ್‌ಗಳು ಉಳಿಯಲಿಲ್ಲ.

ಎರಡು ಕಡತಗಳು, ಎರಡು ಒಡೆತನ

ಮೀಡಿಯಾವಿಕಿಯಲ್ಲಿ ಸೆಟ್ಟಿಂಗ್‌ಗಳು ಎರಡು ಪದರಗಳಲ್ಲಿ ಓದಿಸಿಕೊಳ್ಳುತ್ತವೆ. ಮೊದಲನೆಯದು ತಂತ್ರಾಂಶದ ಜೊತೆಗೇ ಬರುವ ಮೂಲ ಮೌಲ್ಯಗಳ ಪದರ, 1.35ರಲ್ಲಿ ಇದು ಇನ್‌ಕ್ಲೂಡ್ಸ್ ಫೋಲ್ಡರಿನ ಡೀಫಾಲ್ಟ್‌ಸೆಟ್ಟಿಂಗ್ಸ್ ಎಂಬ ದೊಡ್ಡ ಕಡತದಲ್ಲಿ ಇತ್ತು. ಎರಡನೆಯದು ತಾಣದ ಒಡೆಯರು ಬರೆದುಕೊಳ್ಳುವ ಲೋಕಲ್‌ಸೆಟ್ಟಿಂಗ್ಸ್ ಕಡತ. ಮೊದಲಿನದು ಓದಿದ ಮೇಲೆ ಎರಡನೆಯದು ಓದಲ್ಪಡುವುದರಿಂದ, ಎರಡನೆಯದರಲ್ಲಿ ಬರೆದದ್ದೇ ಗೆಲ್ಲುತ್ತದೆ. ಅಪ್‌ಗ್ರೇಡ್ ಎಂದರೆ ಮೊದಲ ಪದರವನ್ನು ಪೂರ್ತಿಯಾಗಿ ಬದಲಿಸಿ ಎರಡನೆಯದನ್ನು ಹಾಗೆಯೇ ಇಟ್ಟುಕೊಳ್ಳುವುದು. ಈ ಒಪ್ಪಂದದ ಮೇಲೆ ಇಡೀ ವ್ಯವಸ್ಥೆ ನಿಂತಿದೆ, ಮತ್ತು ಅದನ್ನು ಮುರಿಯಬೇಡಿ ಎಂಬ ಎಚ್ಚರಿಕೆ ಎರಡೂ ಕಡತಗಳ ಆರಂಭದಲ್ಲೇ ಇದೆ.

ಈ ತಾಣದಲ್ಲಿ ಒಪ್ಪಂದ ಎಂದೋ ಮುರಿದಿತ್ತು. ಹಿಂದೆ ಇದ್ದ ನಿರ್ವಾಹಕರೊಬ್ಬರು ಡೀಫಾಲ್ಟ್‌ಸೆಟ್ಟಿಂಗ್ಸ್ ಕಡತವನ್ನೇ ತೆರೆದು ಅಲ್ಲಿಯ ಮೌಲ್ಯಗಳನ್ನು ನೇರವಾಗಿ ತಿದ್ದಿದ್ದರು. ಅವರನ್ನು ದೂಷಿಸುವುದು ಸುಲಭವಾದರೂ ಅವರಿಗೆ ಹಾಗನ್ನಿಸಿದ್ದು ಏಕೆಂದು ನನಗೆ ಅರ್ಥವಾಗುತ್ತದೆ. ಆ ಕಡತದಲ್ಲಿ ಬಳಕೆದಾರರ ಗುಂಪುಗಳ ಹಕ್ಕುಗಳೆಲ್ಲ ಸಾಲಾಗಿ, ವಿವರಣೆಯ ಸಮೇತ ಕಾಣುತ್ತವೆ; ಅನಾಮಿಕರಿಗೆ ಓದುವ ಹಕ್ಕು ಇದೆ ಎಂದಿರುವ ಸಾಲು ಕಣ್ಣೆದುರಿಗೇ ಇರುವಾಗ ಅದನ್ನು ಇಲ್ಲ ಎಂದು ಬದಲಿಸಿಬಿಡುವುದು ಸಹಜವೆನಿಸುತ್ತದೆ. ಬದಲಿಸಿದ ಕೂಡಲೇ ಅದು ಕೆಲಸವನ್ನೂ ಮಾಡುತ್ತದೆ. 1.35ರ ಸಣ್ಣ ಪರಿಹಾರ ಬಿಡುಗಡೆಗಳನ್ನು ಹಾಕುವಾಗಲೂ ಇಲ್ಲಿ ಇಡೀ ಫೋಲ್ಡರನ್ನು ಬದಲಿಸದೆ, ಬೇಕಾದ ಕಡತಗಳಿಗೆ ಮಾತ್ರ ಪ್ಯಾಚ್ ಹಾಕುತ್ತಿದ್ದರು. ಹಾಗಾಗಿ ತಿದ್ದಿದ ಸಾಲುಗಳು ವರ್ಷಗಟ್ಟಲೆ ಬದುಕಿದವು, ಅವು ಅಲ್ಲಿರುವುದು ಯಾರಿಗೂ ನೆನಪಿಲ್ಲದಷ್ಟು ಕಾಲ ಬದುಕಿದವು.

1.39ರಲ್ಲಿ ಮೂಲ ಮೌಲ್ಯಗಳ ವ್ಯಾಖ್ಯಾನಗಳು ಮೇನ್‌ಕಾನ್ಫಿಗ್‌ಸ್ಕೀಮಾ ಎಂಬ ಬೇರೆಯೇ ಕಡತಕ್ಕೆ ಹೋಗಿವೆ. ಹಳೆಯ ಡೀಫಾಲ್ಟ್‌ಸೆಟ್ಟಿಂಗ್ಸ್ ಕಡತವನ್ನು ತಂದು ಹೊಸದರ ಮೇಲೆ ಹೇರುವ ದಾರಿ ಆದ್ದರಿಂದ ಮೊದಲೇ ಮುಚ್ಚಿತ್ತು. ಮುಚ್ಚಿದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವಸರದಲ್ಲಿ ಯಾರಾದರೂ ಅದನ್ನೇ ಮಾಡಿ, ಹೊಸ ಆವೃತ್ತಿಯ ಸಾವಿರಾರು ಸಾಲುಗಳ ಬದಲಾವಣೆಯನ್ನು ಅಳಿಸಿಹಾಕುವ ಸಾಧ್ಯತೆ ಇತ್ತು.

ಏಕೆ ಯಾರಿಗೂ ಗೊತ್ತಾಗಲಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಓದುವ ಹಕ್ಕು ಹೊರಗಿನವರಿಗೆ ತೆರೆದುಕೊಂಡು ವಾರಗಳು ಕಳೆದರೂ ಅದರ ಕುರುಹು ಎಲ್ಲಿಯೂ ಕಾಣಲಿಲ್ಲ, ಏಕೆ?

ಉತ್ತರ ಇದ್ದದ್ದು ತಾಣವನ್ನು ಮೊದಲು ಸ್ಥಾಪಿಸಿದ ರೀತಿಯಲ್ಲಿ. ಮೀಡಿಯಾವಿಕಿಯ ಸ್ಥಾಪನಾ ಪುಟ ಬಳಕೆದಾರರ ಹಕ್ಕುಗಳ ಬಗ್ಗೆ ಕೆಲವು ಸಿದ್ಧ ಆಯ್ಕೆಗಳನ್ನು ಮುಂದಿಡುತ್ತದೆ. ಅನುಮತಿ ಪಡೆದವರು ಮಾತ್ರ ಸಂಪಾದಿಸಬಹುದು ಎಂಬ ಆಯ್ಕೆಯನ್ನು ಒತ್ತಿದರೆ, ಅನಾಮಿಕರು ಖಾತೆ ತೆರೆಯಬಾರದು ಮತ್ತು ಪುಟ ತಿದ್ದಬಾರದು ಎಂಬ ಎರಡು ಸಾಲುಗಳು ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಬರೆಯಲ್ಪಡುತ್ತವೆ. ಖಾಸಗಿ ವಿಕಿ ಎಂಬ ಆಯ್ಕೆಯನ್ನು ಒತ್ತಿದರೆ ಇವುಗಳ ಜೊತೆಗೆ ಓದಲೂಬಾರದು ಎಂಬ ಮೂರನೆಯ ಸಾಲು ಸೇರುತ್ತದೆ. ಇಲ್ಲಿ ಆರಂಭದಲ್ಲಿ ಮೊದಲಿನ ಆಯ್ಕೆಯನ್ನು ಒತ್ತಲಾಗಿತ್ತು. ತಾಣವನ್ನು ಖಾಸಗಿಯಾಗಿಸುವ ನಿರ್ಧಾರ ನಂತರ ಬಂದು, ಆ ಮೂರನೆಯ ಸಾಲು ಮಾತ್ರ ತಪ್ಪು ಕಡತದಲ್ಲಿ ಸೇರಿಕೊಂಡಿತ್ತು. ಪರಿಣಾಮವಾಗಿ ಅಪ್‌ಗ್ರೇಡ್ ಆದ ಮೇಲೆ ತಿದ್ದುವ ಮತ್ತು ಖಾತೆ ತೆರೆಯುವ ಬಾಗಿಲುಗಳು ಮುಚ್ಚಿಯೇ ಇದ್ದವು, ಓದುವ ಬಾಗಿಲೊಂದು ತೆರೆದುಕೊಂಡಿತು. ತಿದ್ದುವ ಹಕ್ಕು ತೆರೆದಿದ್ದರೆ ಕೆಲವೇ ದಿನಗಳಲ್ಲಿ ಜಾಹೀರಾತಿನ ಕಸ ಬಂದು ಬೀಳುತ್ತಿತ್ತು, ಇತ್ತೀಚಿನ ಬದಲಾವಣೆಗಳ ಪಟ್ಟಿ ನೋಡಿದವರಿಗೆ ತಕ್ಷಣ ಅನುಮಾನ ಬರುತ್ತಿತ್ತು. ಓದಿಹೋದವರು ಪುಟದಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ. ನೌಕರರಂತೂ ಯಾವಾಗಲೂ ಲಾಗಿನ್ ಆಗಿಯೇ ಇರುವವರು; ಅವರಿಗೆ ತಾಣ ನಿನ್ನೆಯಂತೆಯೇ ಕಾಣುತ್ತಿತ್ತು.

ಅಪ್‌ಲೋಡ್ ಆದ ಕಡತಗಳಿಗೂ ಇದೇ ಗತಿಯಾಯಿತು. ಅವುಗಳನ್ನು ಇಮೇಜ್‌ಆಥ್ ಎಂಬ ಸ್ಕ್ರಿಪ್ಟಿನ ಮೂಲಕ ಬಡಿಸುವ ಒಳ್ಳೆಯ ಏರ್ಪಾಟು ಇಲ್ಲಿತ್ತು, ಮತ್ತು ಅದು ಲೋಕಲ್‌ಸೆಟ್ಟಿಂಗ್ಸ್‌ನಲ್ಲೇ ಇದ್ದುದರಿಂದ ಉಳಿದುಕೊಂಡಿತ್ತು. ಆದರೆ ಆ ಸ್ಕ್ರಿಪ್ಟ್ ಅನುಮತಿ ಕೇಳುವುದು ಅದೇ ಓದುವ ಹಕ್ಕಿನ ಸೆಟ್ಟಿಂಗನ್ನು. ಆ ಸೆಟ್ಟಿಂಗೇ ಎಲ್ಲರೂ ಓದಬಹುದು ಎಂದು ಉತ್ತರಿಸಿದಾಗ ಕಾವಲುಗಾರನಿದ್ದೂ ಪ್ರಯೋಜನವಾಗಲಿಲ್ಲ.

ಕುರುಹುಗಳು ಪೂರ್ತಿ ಇರಲೇ ಇಲ್ಲ ಎಂದಲ್ಲ. ಅಪ್‌ಗ್ರೇಡ್ ಆದ ಮರುದಿನವೇ ಪಿಡಿಎಫ್ ಅಪ್‌ಲೋಡ್ ಆಗುತ್ತಿಲ್ಲ ಎಂಬ ದೂರು ಬಂದಿತ್ತು. ಮೀಡಿಯಾವಿಕಿ ಮೂಲತಃ ಒಪ್ಪಿಕೊಳ್ಳುವುದು ಪಿಎನ್‌ಜಿ, ಜಿಐಎಫ್, ಜೆಪಿಜಿ, ವೆಬ್‌ಪಿ ಮುಂತಾದ ಚಿತ್ರ ಕಡತಗಳನ್ನು ಮಾತ್ರ. ಪಿಡಿಎಫ್ ಬೇಕಾದವರು ಪಟ್ಟಿಗೆ ತಾವೇ ಸೇರಿಸಬೇಕು. ಈ ತಾಣದಲ್ಲಿ ಅದನ್ನೂ ಡೀಫಾಲ್ಟ್‌ಸೆಟ್ಟಿಂಗ್ಸ್‌ನಲ್ಲೇ ಸೇರಿಸಿದ್ದರು. ನಿರ್ವಾಹಕಿ ಕೂಡಲೇ ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬರೆದು ದೂರನ್ನು ಪರಿಹರಿಸಿದರು. ನೌಕರರಿಗೆ ಅನುಕೂಲವಾಯಿತು, ಆದರೆ ನಿನ್ನೆ ಇದ್ದ ಸೆಟ್ಟಿಂಗ್ ಇಂದು ಏಕಿಲ್ಲ ಎಂಬ ಪ್ರಶ್ನೆ ಅಲ್ಲಿಗೇ ನಿಂತಿತು. ನಕಲಿಸಿ ತಂದ ಕಡತದಲ್ಲಿ ಇಲ್ಲದ ಸೆಟ್ಟಿಂಗೊಂದು ಹಿಂದೆ ಕೆಲಸ ಮಾಡುತ್ತಿತ್ತು ಎಂದಮೇಲೆ ಅದು ಬೇರೆಲ್ಲೋ ಇದ್ದಿರಲೇಬೇಕು, ಮತ್ತು ಅಲ್ಲಿ ಅದೊಂದೇ ಇದ್ದಿರುವುದು ಅಪರೂಪ. ಅಪ್‌ಗ್ರೇಡ್ ಆದ ತಾಣದಲ್ಲಿ ಬರುವ ಮೊದಲ ಸಣ್ಣ ದೂರನ್ನು ನಾನು ಈಗ ಈ ದೃಷ್ಟಿಯಿಂದಲೇ ನೋಡುತ್ತೇನೆ.

ಕಣ್ಮರೆಯಾದ ಪುಟಗಳು

ಎರಡನೆಯ ದೂರು ಇನ್ನೂ ಗೋಜಲಾಗಿತ್ತು. ಸಂಸ್ಥೆ ತನ್ನ ಕೈಪಿಡಿಗಳಿಗೆಂದೇ ಪ್ರತ್ಯೇಕ ನೇಮ್‌ಸ್ಪೇಸ್, ಅಂದರೆ ಪುಟಗಳ ವಿಭಾಗ, ಮಾಡಿಕೊಂಡಿತ್ತು; ಅದರ ಪುಟಗಳ ಹೆಸರು "ಕೈಪಿಡಿ:" ಎಂದು ಆರಂಭವಾಗುತ್ತಿತ್ತು. ಅಪ್‌ಗ್ರೇಡ್ ನಂತರ ಅವುಗಳ ಕೊಂಡಿಗಳೆಲ್ಲ ಕೆಂಪಾಗಿ, ಪುಟವೇ ಇಲ್ಲ ಎಂದು ತೋರಿಸತೊಡಗಿದವು. ಪುಟಗಳು ಅಳಿಸಿಹೋಗಿವೆ ಎಂದು ನೌಕರರು ಗಾಬರಿಯಾದರು.

ಅಳಿಸಿಹೋಗಿರಲಿಲ್ಲ. ಮೀಡಿಯಾವಿಕಿಯ ಡೇಟಾಬೇಸ್ ಪ್ರತಿ ಪುಟದ ನೇಮ್‌ಸ್ಪೇಸನ್ನು ಒಂದು ಸಂಖ್ಯೆಯಾಗಿ ಮಾತ್ರ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆಯ ಹೆಸರೇನು ಎಂಬುದು ಇರುವುದು ಸೆಟ್ಟಿಂಗ್‌ನಲ್ಲಿ. ತಾಣದ ಒಡೆಯರು ಸ್ವಂತಕ್ಕೆ ಬಳಸಿಕೊಳ್ಳಲೆಂದು 3000ದಿಂದ 4999ರವರೆಗಿನ ಸಂಖ್ಯೆಗಳನ್ನು ಬಿಟ್ಟಿರುವುದರಿಂದ ಇಲ್ಲಿ ಕೈಪಿಡಿಗಳಿಗೆ 3000, ಅವುಗಳ ಚರ್ಚಾಪುಟಗಳಿಗೆ 3001 ಎಂದು ಕೊಟ್ಟಿದ್ದರು. ಆ ಎರಡು ಸಾಲುಗಳೂ ಡೀಫಾಲ್ಟ್‌ಸೆಟ್ಟಿಂಗ್ಸ್‌ನಲ್ಲಿದ್ದವು, ಅದರ ಜೊತೆಗೇ ಹೋದವು. ಡೇಟಾಬೇಸ್‌ನಲ್ಲಿ ಪುಟಗಳು ಭದ್ರವಾಗಿದ್ದರೂ 3000 ಎಂದರೆ ಏನೆಂದು ಹೊಸ ತಾಣಕ್ಕೆ ತಿಳಿಯಲಿಲ್ಲ. ಹಳೆಯ ಬದಲಾವಣೆಗಳ ಪಟ್ಟಿಯಲ್ಲಿ ಅವುಗಳ ಹೆಸರಿನ ಜಾಗದಲ್ಲಿ ಬ್ಯಾಡ್‌ಟೈಟಲ್, ಎನ್‌ಎಸ್3000 ಎಂಬ ವಿಚಿತ್ರ ಬರಹ ಕಾಣುತ್ತಿತ್ತು. "ಕೈಪಿಡಿ:" ಎಂದು ಯಾರಾದರೂ ಟೈಪ್ ಮಾಡಿದರೆ ಅದನ್ನು ತಾಣ ಮುಖ್ಯ ನೇಮ್‌ಸ್ಪೇಸಿನ ಸಾಮಾನ್ಯ ಶೀರ್ಷಿಕೆಯ ಭಾಗ ಎಂದೇ ತಿಳಿದುಕೊಳ್ಳುತ್ತಿತ್ತು.

ಇಲ್ಲಿಂದ ತೊಂದರೆ ಬೆಳೆಯಿತು. ತುರ್ತಾಗಿ ಕೈಪಿಡಿ ಬೇಕಾದವರು ತಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಗಳನ್ನು ಹುಡುಕಿ, ಅದೇ ಹೆಸರಿನಲ್ಲಿ ಪುಟಗಳನ್ನು ಮತ್ತೆ ಸೃಷ್ಟಿಸಿದರು. ಅವರು ಮಾಡಿದ್ದು ಜವಾಬ್ದಾರಿಯ ಕೆಲಸವೇ. ಆದರೆ ಆ ಪುಟಗಳು ಮುಖ್ಯ ನೇಮ್‌ಸ್ಪೇಸಿನಲ್ಲಿ ಹೋಗಿ ಕುಳಿತವು, ಅಂದರೆ ಒಂದೇ ಹೆಸರಿಗೆ ಎರಡು ಪುಟಗಳಾದವು: ಹಳೆಯದು 3000ದಲ್ಲಿ ಅದೃಶ್ಯವಾಗಿ, ಹೊಸದು ಮುಖ್ಯದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ. ಕಾಣೆಯಾದ ಸೆಟ್ಟಿಂಗ್ ಕಾಣೆಯಾಗಿಯೇ ಇರುವ ಪ್ರತಿ ದಿನವೂ ಅದರ ಮೇಲೆ ಹೊಸ ದತ್ತಾಂಶ ಬೆಳೆಯುತ್ತದೆ, ಮತ್ತು ಸೆಟ್ಟಿಂಗನ್ನು ಮರಳಿ ಹಾಕಿದ ಮಾತ್ರಕ್ಕೆ ಸಮಸ್ಯೆ ತೀರುವ ಸ್ಥಿತಿ ಉಳಿಯುವುದಿಲ್ಲ.

ಹಿಂದಕ್ಕೆ ಹೋಗುವುದೋ, ಮುಂದಕ್ಕೋ

ಓದುವ ಹಕ್ಕಿನ ವಿಷಯ ಬಯಲಾದ ಕೂಡಲೇ ಮಾಡಿದ ಮೊದಲ ಕೆಲಸ ವಿಕಿಯೊಳಗಿನದಲ್ಲ. ವೆಬ್ ಸರ್ವರಿನ ಮಟ್ಟದಲ್ಲೇ ಹೊರಗಿನ ಪ್ರವೇಶವನ್ನು ನಿಲ್ಲಿಸಲಾಯಿತು. ಇನ್ನೂ ಯಾವ ಸೆಟ್ಟಿಂಗ್‌ಗಳು ಕಾಣೆಯಾಗಿವೆಯೆಂದು ಗೊತ್ತಿಲ್ಲದ ಸ್ಥಿತಿಯಲ್ಲಿ, ಆ ಸೆಟ್ಟಿಂಗ್‌ಗಳನ್ನೇ ನಂಬಿ ಬಾಗಿಲು ಹಾಕುವುದು ಸರಿಯೆನಿಸಲಿಲ್ಲ.

ನಂತರ ಹಳೆಯ ಆವೃತ್ತಿಗೆ ಮರಳೋಣ ಎಂಬ ಸಲಹೆ ಬಂದಿತು. ಹಳೆಯ ಫೋಲ್ಡರ್ ಇದೆ, ಬ್ಯಾಕಪ್ ಇದೆ, ಮರಳುವುದಕ್ಕೆ ಅಡ್ಡಿಯೇನು ಎಂಬ ಮಾತು ಕೇಳಲು ಸಮಂಜಸವಾಗಿತ್ತು. ಅಡ್ಡಿ ಇದ್ದದ್ದು ಡೇಟಾಬೇಸ್‌ನಲ್ಲಿ. ಅಪ್‌ಡೇಟ್ ಸ್ಕ್ರಿಪ್ಟ್ ಓಡಿದಾಗ ಕೋಷ್ಟಕಗಳ ರಚನೆಯೇ ಹೊಸ ಆವೃತ್ತಿಗೆ ತಕ್ಕಂತೆ ಬದಲಾಗುತ್ತದೆ, ಮತ್ತು ಅದನ್ನು ಹಿಂದಕ್ಕೆ ತಿರುಗಿಸುವ ಸ್ಕ್ರಿಪ್ಟ್ ಇಲ್ಲ. 1.35ಕ್ಕೆ ಮರಳಬೇಕಾದರೆ ಅಪ್‌ಗ್ರೇಡ್‌ಗೆ ಮೊದಲು ತೆಗೆದ ಡೇಟಾಬೇಸ್ ಬ್ಯಾಕಪನ್ನೇ ಹಾಕಬೇಕು. ಹಾಕಿದರೆ ಆಮೇಲಿನ ವಾರಗಳಲ್ಲಿ ನೌಕರರು ಬರೆದದ್ದೆಲ್ಲ ಹೋಗುತ್ತದೆ. ಅಪ್‌ಗ್ರೇಡ್ ಆದ ಒಂದೆರಡು ಗಂಟೆಗಳೊಳಗೆ ಇದು ಗೊತ್ತಾಗಿದ್ದರೆ ಮರಳುವುದೇ ಉತ್ತಮ ದಾರಿಯಾಗಿರುತ್ತಿತ್ತು. ಆ ಅವಧಿ ಮುಗಿದಿದ್ದರಿಂದ, 1.39ರಲ್ಲೇ ನಿಂತು ಕಳೆದುಕೊಂಡದ್ದನ್ನು ಹುಡುಕಿ ಸೇರಿಸುವುದೆಂದು ನಿರ್ಧಾರವಾಯಿತು.

ಕಳೆದದ್ದೇನು ಎಂದು ತಿಳಿಯುವ ಬಗೆ

ನೆನಪಿನಿಂದ ಪಟ್ಟಿ ಮಾಡುವುದನ್ನು ನಾವು ಪ್ರಯತ್ನಿಸಲೇ ಇಲ್ಲ. ತಿದ್ದಿದವರು ಸಂಸ್ಥೆಯಲ್ಲಿ ಇರಲಿಲ್ಲ, ಇದ್ದಿದ್ದರೂ ಅಷ್ಟು ವರ್ಷಗಳ ಹಿಂದಿನ ಪ್ರತಿ ಸಾಲು ಅವರಿಗೆ ನೆನಪಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬದಲಾಗಿ ಹಳೆಯ ತಾಣದಲ್ಲಿದ್ದ ಆವೃತ್ತಿಯ ನಿಖರ ಸಂಖ್ಯೆಯನ್ನು, ಅಂದರೆ 1.35ರ ನಂತರ ಬರುವ ಕೊನೆಯ ಅಂಕಿಯ ಸಮೇತ, ಗುರುತಿಸಿ, ಅದೇ ಬಿಡುಗಡೆಯ ಶುದ್ಧ ಪ್ರತಿಯನ್ನು ಇಳಿಸಿಕೊಂಡು, ಉಳಿಸಿಟ್ಟಿದ್ದ ಹಳೆಯ ಫೋಲ್ಡರಿನೊಂದಿಗೆ ವ್ಯತ್ಯಾಸಗಳನ್ನು ತೋರಿಸುವ ಡಿಫ್ ಆದೇಶದಿಂದ ಕಡತ ಕಡತವನ್ನೂ ಹೋಲಿಸಲಾಯಿತು. ಎರಡರ ನಡುವೆ ಏನೇ ವ್ಯತ್ಯಾಸವಿದ್ದರೂ ಅದನ್ನು ಮಾಡಿದ್ದು ಈ ಸಂಸ್ಥೆಯವರೇ ಎಂಬುದು ಖಚಿತ. ಕೊನೆಯ ಅಂಕಿ ತಪ್ಪಿದರೆ ಅಧಿಕೃತ ಪರಿಹಾರಗಳೂ ಸ್ಥಳೀಯ ತಿದ್ದುಪಡಿಗಳೂ ಬೆರೆತುಹೋಗಿ ಹೋಲಿಕೆಗೆ ಬೆಲೆಯಿಲ್ಲದಾಗುತ್ತದೆ, ಆದ್ದರಿಂದ ಈ ಒಂದು ವಿವರಕ್ಕೆ ಸಮಯ ಕೊಟ್ಟೆವು. ನಿರ್ವಾಹಕಿ ಹಳೆಯ ಫೋಲ್ಡರನ್ನು ಉಳಿಸಿಕೊಂಡಿದ್ದರಿಂದಲೇ ಈ ದಾರಿ ಸಿಕ್ಕಿತು ಎಂಬುದನ್ನು ಹೇಳಲೇಬೇಕು.

ಇದರ ಜೊತೆಗೆ ಹಳೆಯ ಫೋಲ್ಡರಿನ ಪ್ರತಿಯೊಂದನ್ನು ಹೊರಜಗತ್ತಿಗೆ ಸಂಪರ್ಕವಿಲ್ಲದ ಯಂತ್ರದಲ್ಲಿ ಹಳೆಯ ಬ್ಯಾಕಪ್‌ನೊಂದಿಗೆ ಎಬ್ಬಿಸಿ, ಮೇಂಟೆನೆನ್ಸ್ ಫೋಲ್ಡರಿನಲ್ಲಿರುವ ಗೆಟ್‌ಕಾನ್ಫಿಗರೇಷನ್ ಸ್ಕ್ರಿಪ್ಟನ್ನು ಓಡಿಸಲಾಯಿತು. ಸೆಟ್ಟಿಂಗ್ ಯಾವ ಕಡತದಿಂದ ಬಂದಿದೆ ಎಂಬ ಗೊಡವೆಗೆ ಹೋಗದೆ, ಕೊನೆಗೆ ಜಾರಿಯಲ್ಲಿರುವ ಮೌಲ್ಯವೇನು ಎಂಬುದನ್ನು ಅದು ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದುಕೊಡುತ್ತದೆ. ಹೊಸ ತಾಣದಲ್ಲೂ ಅದನ್ನೇ ಓಡಿಸಿ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆವು. ಇಲ್ಲಿ ಬರುವ ವ್ಯತ್ಯಾಸಗಳು ಹೆಚ್ಚು, ಏಕೆಂದರೆ ತಂತ್ರಾಂಶವೇ ಬದಲಿಸಿರುವ ಮೂಲ ಮೌಲ್ಯಗಳೂ ಇದರಲ್ಲಿ ಸೇರಿರುತ್ತವೆ. ಆದರೂ ಡಿಫ್‌ನಿಂದ ಬಂದ ಪಟ್ಟಿ ಪೂರ್ಣವಾಗಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಾಣುವುದಿಲ್ಲ. ಅಪ್‌ಗ್ರೇಡ್‌ಗೆ ಮೊದಲೇ ಈ ಫಲಿತಾಂಶವನ್ನು ತೆಗೆದಿಟ್ಟುಕೊಂಡಿದ್ದರೆ ಇಡೀ ಪ್ರಕರಣ ಮೊದಲ ಸಂಜೆಯೇ ಮುಗಿಯುತ್ತಿತ್ತು. ಗುಪ್ತಪದಗಳೂ ಆ ಫಲಿತಾಂಶದಲ್ಲಿ ಬರುವುದರಿಂದ ಅದನ್ನು ಎಲ್ಲಿ ಇಡುತ್ತೇವೆ ಎಂಬ ಎಚ್ಚರ ಮಾತ್ರ ಬೇಕು.

ಡಿಫ್ ತೋರಿಸಿದ್ದು ಡೀಫಾಲ್ಟ್‌ಸೆಟ್ಟಿಂಗ್ಸ್‌ನ ಬದಲಾವಣೆಗಳನ್ನು ಮಾತ್ರವಲ್ಲ. ಸಂಸ್ಥೆಯ ಲಾಂಛನವನ್ನು ರಿಸೋರ್ಸಸ್ ಫೋಲ್ಡರಿನಲ್ಲಿದ್ದ ಮೂಲ ಚಿತ್ರದ ಮೇಲೆಯೇ ಬರೆದಿದ್ದರು, ಅದು ಅಪ್‌ಗ್ರೇಡ್‌ನಲ್ಲಿ ಹೋಗಿತ್ತು. ಲಾಂಛನ ಬದಲಾದದ್ದನ್ನು ಹೊಸ ವಿನ್ಯಾಸವಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ತಾಣದ ಮೂಲ ಫೋಲ್ಡರಿನಲ್ಲಿದ್ದ, ವೆಬ್ ಸರ್ವರಿಗೆ ನಿಯಮಗಳನ್ನು ಹೇಳುವ ಎಚ್‌ಟಿಆಕ್ಸೆಸ್ ಕಡತ ಹೊಸ ಜಾಗಕ್ಕೆ ಬಂದೇ ಇರಲಿಲ್ಲ. ಹೆಸರು ಚುಕ್ಕಿಯಿಂದ ಆರಂಭವಾಗುವ ಕಡತಗಳು ನಕ್ಷತ್ರ ಚಿಹ್ನೆ ಬಳಸಿ ನಕಲಿಸುವಾಗ ಹಿಂದೆ ಉಳಿಯುತ್ತವೆ, ಇದು ಅನೇಕರನ್ನು ಕೆಡವಿರುವ ಗುಂಡಿ. ಚಿಕ್ಕ ವಿಳಾಸಗಳಿಗೆ ಬೇಕಾದ ನಿಯಮಗಳು ಅದರಲ್ಲಿದ್ದುದರಿಂದ ಹಳೆಯ ಪತ್ರಗಳಲ್ಲಿದ್ದ ಕೊಂಡಿಗಳು ಮುರಿದಿದ್ದವು.

ಡಿಫ್‌ಗೂ ಸಿಗದ ಬದಲಾವಣೆಯೊಂದು ಸರ್ವರಿನಲ್ಲಿತ್ತು. 1.39ಕ್ಕೆ, ಮೀಡಿಯಾವಿಕಿಯನ್ನು ಬರೆದಿರುವ ಭಾಷೆಯಾದ ಪಿಎಚ್‌ಪಿಯ 7.4.3 ಅಥವಾ ಅದರ ನಂತರದ್ದು ಬೇಕಾದ್ದರಿಂದ ಪಿಎಚ್‌ಪಿಯನ್ನೂ 7.3ರಿಂದ ಮೇಲಕ್ಕೆ ಒಯ್ದಿದ್ದರು. ಡೆಬಿಯನ್ ಎಂಬ ಲಿನಕ್ಸ್ ಕುಟುಂಬದ ಸರ್ವರುಗಳಲ್ಲಿ ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಸೆಟ್ಟಿಂಗ್‌ಗಳ ಫೋಲ್ಡರ್ ಬೇರೆ. ಹೊಸದು ಹೊಸ ಮೂಲ ಮೌಲ್ಯಗಳೊಂದಿಗೆ ಹುಟ್ಟುತ್ತದೆ, ಹಳೆಯದು ಯಾರೂ ಓದದ ಜಾಗದಲ್ಲಿ ಹಾಗೆಯೇ ಬಿದ್ದಿರುತ್ತದೆ. ಅಪ್‌ಲೋಡ್ ಕಡತದ ಗಾತ್ರದ ಮಿತಿ ಮತ್ತೆ ಪಿಎಚ್‌ಪಿಯ ಮೂಲ ಮೌಲ್ಯವಾದ 2 ಎಂಬಿಗೆ ಇಳಿದಿತ್ತು. ಪಿಡಿಎಫ್ ದೂರು ಪರಿಹಾರವಾದ ಮೇಲೂ ದೊಡ್ಡ ಕಡತಗಳು ಹೋಗುತ್ತಿಲ್ಲ ಎಂಬ ಗೊಣಗಾಟ ಏಕೆ ಉಳಿದಿತ್ತು ಎಂಬುದು ಆಗ ಸ್ಪಷ್ಟವಾಯಿತು. ನಿಗದಿತ ವೇಳೆಗೆ ಕೆಲಸ ಆರಂಭಿಸುವ ಕ್ರಾನ್‌ನಲ್ಲಿ ಓಡುತ್ತಿದ್ದ, ಬಾಕಿ ಹಿನ್ನೆಲೆ ಕೆಲಸಗಳನ್ನು ಮುಗಿಸುವ ರನ್‌ಜಾಬ್ಸ್ ಸ್ಕ್ರಿಪ್ಟಿಗೂ ಹಳೆಯ ಫೋಲ್ಡರಿನ ದಾರಿಯೇ ಇತ್ತು, ಅದನ್ನು ತಿದ್ದಲಾಯಿತು.

ಏನೂ ಆಗದೆ ಉಳಿದವುಗಳ ಬಗ್ಗೆಯೂ ಒಂದು ಮಾತು. ಪಕ್ಕದ ಪಟ್ಟಿ, ತಾಣದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್, ಸೂಚನಾ ಸಂದೇಶಗಳು, ಪ್ರತಿ ಬಳಕೆದಾರರ ವೈಯಕ್ತಿಕ ಆಯ್ಕೆಗಳು ಇವೆಲ್ಲ ಡೇಟಾಬೇಸ್‌ನಲ್ಲೇ ಇರುವುದರಿಂದ ಒಂದಿಷ್ಟೂ ಕದಲಿರಲಿಲ್ಲ. ತಾಣ ಎಂದಿನಂತೆಯೇ ಇದೆ ಎಂಬ ಭಾವನೆ ಎಲ್ಲರಲ್ಲಿ ಮೂಡಲು ಇದೂ ಕಾರಣವಾಗಿತ್ತು.

ಸಾಲುಗಳನ್ನಲ್ಲ, ನಿರ್ಧಾರಗಳನ್ನು ಮರಳಿ ತರುವುದು

ಪಟ್ಟಿ ಕೈಗೆ ಬಂದ ಮೇಲೆ ಎಲ್ಲವನ್ನೂ ಲೋಕಲ್‌ಸೆಟ್ಟಿಂಗ್ಸ್‌ಗೆ ಸುರಿಯುವ ಆಸೆಯನ್ನು ತಡೆಯಬೇಕಾಯಿತು. ಪ್ರತಿ ವ್ಯತ್ಯಾಸದ ಎದುರಿಗೂ ಇದು ಏಕಿತ್ತು, ಈಗಲೂ ಬೇಕೇ, ಬೇಕಾದರೆ ಹೊಸ ಆವೃತ್ತಿಯಲ್ಲಿ ಇದನ್ನು ಹೇಗೆ ಹೇಳಬೇಕು ಎಂಬ ಪ್ರಶ್ನೆಗಳನ್ನು ಇಟ್ಟೆವು. ಓದುವ ಹಕ್ಕು, ನೇಮ್‌ಸ್ಪೇಸ್, ಲಾಂಛನ ಇವು ಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಲಾಂಛನವನ್ನು ತಂತ್ರಾಂಶದ ಫೋಲ್ಡರಿನಿಂದ ಹೊರಗಿಟ್ಟು, ಹಳೆಯ ಲೋಗೋ ಸೆಟ್ಟಿಂಗಿನ ಬದಲು 1.35ರಲ್ಲಿ ಬಂದ ಲೋಗೋಸ್ ಸೆಟ್ಟಿಂಗ್ ಮೂಲಕ ತೋರಿಸಲಾಯಿತು. ಆದರೆ ದೋಷಗಳ ಒಳವಿವರವನ್ನು ಪುಟದ ಮೇಲೆಯೇ ತೋರಿಸುವ ಸೆಟ್ಟಿಂಗನ್ನು ಯಾರೋ ಎಂದೋ ತಪಾಸಣೆಗೆಂದು ಹಾಕಿ ತೆಗೆಯಲು ಮರೆತಿದ್ದರು. ಅದನ್ನು ಮರಳಿ ತರಲಿಲ್ಲ. ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳುವುದು ಎಂದರೆ ಹಳೆಯದೆಲ್ಲವನ್ನೂ ಉಳಿಸಿಕೊಳ್ಳುವುದು ಎಂದು ತಿಳಿದರೆ ಇಂಥವೂ ತಲೆಮಾರುಗಟ್ಟಲೆ ಮುಂದುವರಿಯುತ್ತವೆ.

ಎಕ್ಸ್‌ಟೆನ್ಷನ್‌ಗಳ ಸೆಟ್ಟಿಂಗ್‌ಗಳಲ್ಲಿ ಒಂದು ಸೂಕ್ಷ್ಮವಿತ್ತು, ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಹಿಂದೆ ಎಕ್ಸ್‌ಟೆನ್ಷನ್ನಿನ ಪಿಎಚ್‌ಪಿ ಕಡತವನ್ನು ರಿಕ್ವೈರ್ ಆದೇಶದಿಂದ ನೇರವಾಗಿ ಸೇರಿಸುತ್ತಿದ್ದಾಗ, ಅದರ ಮೂಲ ಮೌಲ್ಯಗಳು ಆ ಕ್ಷಣವೇ ಬಂದು ಕೂರುತ್ತಿದ್ದವು. ಅದರ ಕೆಳಗಿನ ಸಾಲಿನಲ್ಲಿ ಹೊಸ ಪಟ್ಟಿಯನ್ನು ಬರೆದರೆ ಹಳೆಯ ಪಟ್ಟಿ ಪೂರ್ತಿ ಅಳಿಯುತ್ತಿತ್ತು. 2015ರಲ್ಲಿ 1.25ನೇ ಆವೃತ್ತಿಯೊಂದಿಗೆ ಬಂದ ಲೋಡ್‌ಎಕ್ಸ್‌ಟೆನ್ಷನ್ ಕ್ರಮದಲ್ಲಿ ಹಾಗಲ್ಲ. ಮೂಲ ಮೌಲ್ಯಗಳು ಲೋಕಲ್‌ಸೆಟ್ಟಿಂಗ್ಸ್ ಪೂರ್ತಿ ಓದಿದ ನಂತರ ಬರುತ್ತವೆ, ಮತ್ತು ಸೆಟ್ಟಿಂಗ್ ಒಂದು ಪಟ್ಟಿಯಾಗಿದ್ದರೆ ಸಾಮಾನ್ಯವಾಗಿ ನಾವು ಬರೆದದ್ದರೊಂದಿಗೆ ಬೆರೆತುಕೊಳ್ಳುತ್ತವೆ. ಇಲ್ಲಿಯ ಹಳೆಯ ಎಕ್ಸ್‌ಟೆನ್ಷನ್ ಒಂದರ ಹೊಸ ಬಿಡುಗಡೆ ಈ ಕ್ರಮಕ್ಕೆ ಬದಲಾಗಿತ್ತು. ಪಟ್ಟಿಯಿಂದ ತೆಗೆದುಹಾಕಿದ್ದೇವೆ ಎಂದು ಸಂಸ್ಥೆ ನಂಬಿದ್ದ ಅಂಶವೊಂದು, ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಮೂಲ ಮೌಲ್ಯದಿಂದ ಮರಳಿ ಬಂದು ಸೇರಿಕೊಂಡಿತ್ತು. ಕಡತ ಅದೇ, ಸಾಲು ಅದೇ, ಅರ್ಥ ಮಾತ್ರ ಬೇರೆ. ಜಾರಿಯಲ್ಲಿರುವ ಮೌಲ್ಯಗಳನ್ನು ಹೋಲಿಸದೆ ಕಡತಗಳನ್ನಷ್ಟೇ ಹೋಲಿಸಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ನೇಮ್‌ಸ್ಪೇಸಿನ ಸಾಲುಗಳನ್ನು ಹಾಕುವ ಮೊದಲು ಡೇಟಾಬೇಸ್‌ನ ಹೊಸ ಬ್ಯಾಕಪ್ ತೆಗೆದು, ಪ್ರತ್ಯೇಕ ಯಂತ್ರದಲ್ಲಿ ಪ್ರಯೋಗ ಮಾಡಿ ನೋಡಿದೆವು. ಸಾಲುಗಳು ಬಂದ ಕೂಡಲೇ ಹಳೆಯ ಕೈಪಿಡಿಗಳು ಕಂಡವು, ಮತ್ತು ನಿರೀಕ್ಷಿಸಿದಂತೆ ನೌಕರರು ಹೊಸದಾಗಿ ಬರೆದ ಪುಟಗಳು ತಲುಪಲಾಗದ ಸ್ಥಿತಿಗೆ ಹೋದವು. ಇಂಥ ಘರ್ಷಣೆಗೆಂದೇ ಮೀಡಿಯಾವಿಕಿಯಲ್ಲಿ ನೇಮ್‌ಸ್ಪೇಸ್‌ಡ್ಯೂಪ್ಸ್ ಎಂಬ ಸ್ಕ್ರಿಪ್ಟ್ ಇದೆ. ಸರಿಪಡಿಸು ಎಂದು ಹೇಳದಿದ್ದರೆ ಅದು ಏನನ್ನೂ ಮುಟ್ಟದೆ ವರದಿಯನ್ನಷ್ಟೇ ಕೊಡುತ್ತದೆ. ಹೆಸರು ಡಿಕ್ಕಿಯಾಗದ ಪುಟಗಳನ್ನು ಅದು ಸರಿಯಾದ ಜಾಗಕ್ಕೆ ಸಾಗಿಸಿತು. ಡಿಕ್ಕಿಯಾದವುಗಳ ಇತಿಹಾಸಗಳನ್ನು ಒಂದರೊಳಗೊಂದು ಬೆರೆಸುವ ಆಯ್ಕೆಯೂ ಅದರಲ್ಲಿದೆ, ಆದರೆ ನಾವು ಹೊಸ ಪುಟಗಳ ಹೆಸರಿಗೆ ಒಂದು ಬಾಲ ಸೇರಿಸಿ ಪ್ರತ್ಯೇಕವಾಗಿ ಇಡುವ ಆಯ್ಕೆಯನ್ನು ತೆಗೆದುಕೊಂಡೆವು. ಯಾವ ಕೈಪಿಡಿಯ ಯಾವ ಮಾತು ಈಗ ಸರಿ ಎಂಬುದನ್ನು ಅದನ್ನು ಬಳಸುವವರೇ ಓದಿ ತೀರ್ಮಾನಿಸಬೇಕು.

ಓದುವ ಹಕ್ಕನ್ನು ಮುಚ್ಚಿದ ಮೇಲೆ ಪರೀಕ್ಷೆಯೂ ಬೇಕಿತ್ತು, ಮತ್ತು ಆ ಪರೀಕ್ಷೆಯನ್ನು ಲಾಗಿನ್ ಆದ ನಿರ್ವಾಹಕರ ಬ್ರೌಸರಿನಿಂದ ಮಾಡಿ ಪ್ರಯೋಜನವಿಲ್ಲ. ಅನಾಮಿಕವಾಗಿ ಎಪಿಐಗೆ (ಬೇರೆ ತಂತ್ರಾಂಶಗಳು ತಾಣದಿಂದ ಮಾಹಿತಿ ಕೇಳುವ ದ್ವಾರ) ಒಂದು ಕೋರಿಕೆ ಕಳಿಸಿ, ರೀಡ್‌ಎಪಿಐಡಿನೈಡ್ ಎಂಬ ನಿರಾಕರಣೆ ಬರುತ್ತದೆಯೇ ಎಂದು ನೋಡುವ ಪುಟ್ಟ ಸ್ಕ್ರಿಪ್ಟ್ ಬರೆಯಲಾಯಿತು. ಒಂದು ಪುಟವನ್ನೂ ಒಂದು ಚಿತ್ರವನ್ನೂ ಅದು ಹಾಗೆಯೇ ಕೇಳಿ ನೋಡುತ್ತದೆ. ಅದೀಗ ಪ್ರತಿದಿನ ಓಡುತ್ತದೆ. ತಾಣ ತೆರೆದಿದ್ದ ಅವಧಿಯಲ್ಲಿ ಅದರ ಎದುರಿಗಿರುವ ಕ್ಯಾಶ್ ಸರ್ವರ್ ಪುಟಗಳ ಪ್ರತಿಗಳನ್ನು ಇಟ್ಟುಕೊಂಡಿರಬಹುದಾದ್ದರಿಂದ ಅದನ್ನೂ ಖಾಲಿ ಮಾಡಲಾಯಿತು. ವಿಕಿಯ ಒಳಗಿನ ಕ್ಯಾಶ್ ಮಾತ್ರ ಲೋಕಲ್‌ಸೆಟ್ಟಿಂಗ್ಸ್ ಬದಲಾದಾಗ ತಾನಾಗಿಯೇ ಹಳತೆಂದು ಪರಿಗಣಿತವಾಗುತ್ತದೆ.

ಇಂದಿನ ಸ್ಥಿತಿ

ಈಗ ತಂತ್ರಾಂಶದ ಫೋಲ್ಡರಿನಲ್ಲಿ ಬರೆಯುವ ಅನುಮತಿ ಯಾರಿಗೂ ಇಲ್ಲ. ಪ್ರತಿ ಆವೃತ್ತಿಗೂ ಹೊಸ ಫೋಲ್ಡರ್. ಚಿತ್ರಗಳು, ಲಾಂಛನ, ಲೋಕಲ್‌ಸೆಟ್ಟಿಂಗ್ಸ್ ಇವು ಅದರ ಹೊರಗೆ. ಡೇಟಾಬೇಸ್‌ನ ಗುಪ್ತಪದದಂತಹವು ಬೇರೆ ಕಡತದಲ್ಲಿವೆ, ಉಳಿದ ಸೆಟ್ಟಿಂಗ್‌ಗಳು ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್‌ನಲ್ಲಿವೆ, ಮತ್ತು ಪ್ರತಿ ಸಾಲಿನ ಮೇಲೆ ಅದನ್ನು ಏಕೆ ಬರೆಯಲಾಯಿತು ಎಂಬ ವಿವರಣೆ ಇದೆ. ಕಂಪೋಸರ್ ಎಂಬ ಪಿಎಚ್‌ಪಿ ಸಾಧನದ ಮೂಲಕ ಬರುವ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ಕಂಪೋಸರ್‌ನ ಮೂಲ ಕಡತದಿಂದ ತೆಗೆದು, ಅಪ್‌ಗ್ರೇಡ್ ಮುಟ್ಟದ ಲೋಕಲ್ ಕಡತಕ್ಕೆ ಸಾಗಿಸಲಾಗಿದೆ. ಮೂಲ ಮೌಲ್ಯವನ್ನೇ ಒಪ್ಪಿಕೊಂಡಿರುವ ಕಡೆಯೂ, ಅದು ಸಂಸ್ಥೆಗೆ ಮುಖ್ಯವಾಗಿದ್ದರೆ, ನಾವು ಅದನ್ನು ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ, ಏಕೆಂದರೆ ಮೂಲ ಮೌಲ್ಯ ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು.

ಹೊರಗಿನವರು ಯಾರಾದರೂ ಓದಿದರೇ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಗಲಿಲ್ಲ. ವೆಬ್ ಸರ್ವರಿನ ಲಾಗ್‌ಗಳು ಎರಡು ವಾರ ಮಾತ್ರ ಉಳಿಯುವಂತೆ ಇದ್ದವು. ಅದೂ ಯಾರೂ ಯೋಚಿಸಿ ಆರಿಸಿದ್ದಲ್ಲ, ಸರ್ವರಿನ ಜೊತೆಗೆ ಬಂದ ಮೂಲ ಮೌಲ್ಯ. ಉಳಿದಿದ್ದ ಲಾಗ್‌ಗಳಲ್ಲಿ ಹುಡುಕುಯಂತ್ರಗಳ ಭೇಟಿ ಕಂಡಿತು, ಆ ಪುಟಗಳನ್ನು ಫಲಿತಾಂಶಗಳಿಂದ ತೆಗೆಯುವಂತೆ ಕೋರಲಾಯಿತು. ಅದಕ್ಕೆ ಹಿಂದಿನ ದಿನಗಳ ಲೆಕ್ಕ ಹೋಗಿಬಿಟ್ಟಿದೆ. ಸಂಸ್ಥೆ ಎಲ್ಲ ಪುಟಗಳೂ ಓದಲ್ಪಟ್ಟಿರಬಹುದು ಎಂದೇ ಭಾವಿಸಿ, ನಡಾವಳಿಗಳಲ್ಲಿ ಹೆಸರಿದ್ದವರಿಗೆ ತಿಳಿಸಿತು. ಪುಟಗಳಲ್ಲಿ ಬರೆದಿಟ್ಟಿದ್ದ ಗುಪ್ತಪದಗಳನ್ನೆಲ್ಲ ಬದಲಿಸಿತು. ಆ ನಿರ್ಧಾರ ಸರಿಯಾದದ್ದು.

ಒಂದು ವ್ಯತ್ಯಾಸವನ್ನು ಮಾತ್ರ ಇನ್ನೂ ತೀರ್ಮಾನಿಸಲಾಗಿಲ್ಲ. ಅಪ್‌ಲೋಡ್ ಆಗುವ ಎಸ್‌ವಿಜಿ (ಪಠ್ಯ ರೂಪದಲ್ಲಿ ಬರೆದ ರೇಖಾಚಿತ್ರ) ಚಿತ್ರಗಳ ಒಳಗನ್ನು ಪರೀಕ್ಷಿಸುವ ಕೋಡನ್ನು ಹಿಂದಿನವರು ಸಡಿಲಿಸಿದ್ದರು. ಒಂದು ವಿಭಾಗದ ನಕ್ಷೆಗಳು ಆ ಪರೀಕ್ಷೆಯನ್ನು ದಾಟುತ್ತಿರಲಿಲ್ಲ. ಚಿತ್ರದೊಳಗೆ ಸ್ಕ್ರಿಪ್ಟ್ ಅಡಗಿಸಿ ತರುವುದನ್ನು ತಡೆಯುವುದೇ ಆ ಪರೀಕ್ಷೆಯ ಉದ್ದೇಶವಾದ್ದರಿಂದ ಅದನ್ನು ಮತ್ತೆ ಸಡಿಲಿಸಲು ನಾನು ಒಪ್ಪಲಿಲ್ಲ. ನಕ್ಷೆಗಳನ್ನು ಸದ್ಯಕ್ಕೆ ಪಿಡಿಎಫ್ ಆಗಿ ಹಾಕುತ್ತಿದ್ದಾರೆ. ತಾಣವನ್ನು 1.43ಕ್ಕೆ ಒಯ್ಯುವಾಗ, ಅದಕ್ಕೆ ಹೇಗಿದ್ದರೂ ಪಿಎಚ್‌ಪಿ 8.1 ಬೇಕು, ಆ ನಕ್ಷೆಗಳನ್ನು ತಯಾರಿಸುವ ತಂತ್ರಾಂಶದಲ್ಲೇ ಪರಿಹಾರ ಸಿಗುತ್ತದೆಯೇ ಎಂದು ವಿಭಾಗದವರೊಂದಿಗೆ ಕುಳಿತು ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ.